ಲೆಕ್ಕ ಮುಚ್ಚುವ ದಿನ

ಟಿಪ್ಪು ಸುಲ್ತಾನನ ನಂದಿದುರ್ಗವು ಇಂಗ್ಲಿಷರ ವಶವಾದುದು 1791ರ ಅಕ್ಟೋಬರ್ 19ರಂದು. ಅದಾಗಿ ಒಂದೂವರೆ ತಿಂಗಳ ತರುವಾಯ, ಡಿಸೆಂಬರಿನಲ್ಲಿ, ಲಂಡನ್ ನಗರದ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್ರೇಯು ಗವರ್ನರ್ ಜನರಲ್ ಕಾರ್ನ್‌ವಾಲಿಸನು ಮಳೆಗೆ ಬೆದರಿ ಶ್ರೀರಂಗಪಟ್ಟಣದಿಂದ ಪಲಾಯನ ಮಾಡುತ್ತಿರುವಂತೆ ಚಿತ್ರವೊಂದನ್ನು ಬರೆದು ಪ್ರಕಟಿಸಿದನು. (ಕೋಟೆಯ ಮೇಲಿಂದ ಟಿಪ್ಪು ಸುರಿಸುತ್ತಿರುವ ಆ ಮಳೆ ಯಾವ ಬಗೆಯದೆಂಬುದನ್ನು ಸಭ್ಯರ ಪತ್ರಿಕೆಯಲ್ಲಿ ವರ್ಣಿಸುವುದು ಸಲ್ಲದು.) ಚಿತ್ರದ ಕಾರ್ನ್‌ವಾಲಿಸನು ಲಂಡನ್ನಿನಲ್ಲಿ ಹೀಗೆ ಓಡುತ್ತಿದ್ದ ಹೊತ್ತಿಗೆ, ನಿಜವಾದ ಕಾರ್ನ್‌ವಾಲಿಸನು ರಹಮಾನಗಢವನ್ನೂ ನಂದಿಯನ್ನೂ ಹಿಡಿದು ಮುಗಿಸಿ, ತೋಪುಗಳನ್ನು ಸಾವನದುರ್ಗದ ಬುಡಕ್ಕೆ ಎಳೆಸುತ್ತಿದ್ದನು.

ಚಿತ್ರವು ಸುಳ್ಳಾಗಿರಲಿಲ್ಲ, ಹಳತಾಗಿತ್ತು, ಅಷ್ಟೆ. ಅದೇ ವರ್ಷದ ಮೇ ತಿಂಗಳಲ್ಲಿ, ಶ್ರೀರಂಗಪಟ್ಟಣದ ಗೋಡೆ ಕಣ್ಣಿಗೆ ಕಾಣುವಷ್ಟು ಸಮೀಪಕ್ಕೆ ಬಂದಿದ್ದ ಇಂಗ್ಲಿಷ್ ಸೇನೆಯು ಎತ್ತುಗಳು ಸತ್ತು, ಮೇವು ತೀರಿ, ಸಿಡುಬು ಹಬ್ಬಿ, ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆದುಹಾಕಿ ಬೆಂಗಳೂರಿನ ಕಡೆಗೆ ಹಿಂದಿರುಗಿದುದು ನಡೆದ ಸಂಗತಿಯೇ. ಆ ಸುದ್ದಿಯು ಹಡಗೇರಿ ಸಮುದ್ರ ದಾಟುವುದಕ್ಕೆ ಅರ್ಧ ವರ್ಷ ಹಿಡಿಯಿತು. ಆದರೆ ಲಂಡನ್ನಿನ ಪಕ್ಷಗಳು ಸುದ್ದಿಗಾಗಿ ಕಾದು ಕುಳಿತವಲ್ಲ. ಬೆಂಗಳೂರಿನ ಕೋಟೆಯು ಬಿದ್ದ ಸುದ್ದಿ ತಲುಪುವುದಕ್ಕೂ ಮೊದಲೇ, 1791ರ ಫೆಬ್ರವರಿ ಮಾರ್ಚ್ ತಿಂಗಳುಗಳಲ್ಲಿ, ಕಾಮನ್ಸ್ ಸಭೆಯಲ್ಲಿ ವಿರೋಧ ಪಕ್ಷದ ಫಿಲಿಪ್ ಫ್ರಾನ್ಸಿಸನೂ ಫಾಕ್ಸನ ಕಡೆಯವರೂ ಈ ಯುದ್ಧವು ಅನ್ಯಾಯವಾದುದು, ನಷ್ಟದ್ದು ಎಂದು ವಾದಿಸಿದ್ದರು. ಪ್ರಧಾನಿ ಪಿಟ್ಟನೂ ಅವನ ಮಂತ್ರಿ ಡುಂಡಾಸನೂ ಇದು ನ್ಯಾಯವಾದುದು, ಲಾಭದ್ದು ಎಂದು ಪ್ರತಿವಾದಿಸಿ, ಬಹುಮತದಿಂದ ಗೆದ್ದಿದ್ದರು. ಮುಂದೆ ಪೂರ್ವದಿಂದ ಯಾವ ಹಡಗು ಯಾವ ವರ್ತಮಾನವನ್ನು ತಂದರೂ ಅದು ಮೊದಲೇ ಕಟ್ಟಿದ್ದ ಈ ಎರಡು ಗೂಡುಗಳಲ್ಲಿ ಒಂದಕ್ಕೆ ಸೇರಬೇಕಾಗಿದ್ದಿತು. 1781ರ ಇದೇ ಅಕ್ಟೋಬರ್ 19ರಂದು ಅಮೆರಿಕದ ಯಾರ್ಕ್‌ಟೌನಿನಲ್ಲಿ ಇದೇ ಕಾರ್ನ್‌ವಾಲಿಸನು ವಾಷಿಂಗ್ಟನ್ನನಿಗೆ ಶರಣಾಗಿದ್ದನಾದ್ದರಿಂದ, ಅವನ ಸೋಲನ್ನು ನಂಬುವವರಿಗೆ ಹೆಚ್ಚಿನ ಸಾಕ್ಷ್ಯವೇನೂ ಬೇಕಾಗಿರಲಿಲ್ಲ.

ಎರಡು ಪಕ್ಷಗಳವರೂ ಅನೃತವನ್ನಾಡಿದರೆಂದು ನಾನು ದೂರಲಾರೆ. ನನ್ನ ಆಕ್ಷೇಪವಿರುವುದು ಬೇರೊಂದೆಡೆ: ಲೆಕ್ಕವನ್ನು ಯಾವ ದಿನ ಮುಚ್ಚಬೇಕೆಂಬುದನ್ನು ಅವರವರೇ, ಅವರವರ ಅನುಕೂಲವನ್ನು ನೋಡಿಕೊಂಡು, ನಿಶ್ಚಯಿಸಿಕೊಂಡರು. 1791ರ ಮೇ ತಿಂಗಳಲ್ಲಿ ಮುಚ್ಚಿದರೆ ಯುದ್ಧವು ಅಪಜಯ. 1792ರ ಮಾರ್ಚಿನಲ್ಲಿ, ಟಿಪ್ಪುವು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಬಿಟ್ಟುಕೊಡಲೊಪ್ಪಿ ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ ಸಂಧಿಯ ದಿನ ಮುಚ್ಚಿದರೆ ದಿಗ್ವಿಜಯ. ಕಾರ್ನ್‌ವಾಲಿಸನಿಗೆ ಮಾರ್ಕ್ವಿಸ್ ಪದವಿಯೂ ದೊರೆಯಿತು. ಏಳು ವರ್ಷ ಕಳೆಯುವಷ್ಟರಲ್ಲಿ, 1799ರಲ್ಲಿ, ಮತ್ತೊಂದು ಯುದ್ಧವನ್ನು ಹೂಡಬೇಕಾಗಿ ಬಂದುದನ್ನು ನೆನೆದರೆ, ಆ ಸಂಧಿಯಿಂದ ಸಾಧಿತವಾದುದೇನು ಎಂದು ಮತ್ತೆ ಕೇಳಬೇಕಾಗುತ್ತದೆ.

ಈ ಮೂರು ದಿನಗಳಲ್ಲಿ ಯಾವುದನ್ನು ಹಿಡಿದರೂ ನಮ್ಮ ಚಿಕ್ಕಬಳ್ಳಾಪುರ ಸೀಮೆಯ ಲೆಕ್ಕ ಸರಿಹೊಂದುವುದಿಲ್ಲ. ಸಾದಲಿ, ಶಿಡ್ಲಘಟ್ಟ, ಚಿಂತಾಮಣಿ, ಗುಡಿಬಂಡೆ ಇವೆಲ್ಲ ಕೆರೆಯನ್ನೂ ದನವನ್ನೂ ನಂಬಿದ ಊರುಗಳು. ತೋಪು ಎಳೆಯುವುದಕ್ಕೆ ಎತ್ತು, ಸೇನೆಗೆ ದವಸ, ಕುದುರೆಗೆ ಹುಲ್ಲು ಎಂದು ಯಾವ ದಂಡು ಬಂದರೂ ಅದು ತಿಂದುದು ಈ ಎರಡು ಆಸ್ತಿಗಳನ್ನೇ. 1791ರಲ್ಲಿ ಕಾರ್ನ್‌ವಾಲಿಸನು ಚಿಕ್ಕಬಳ್ಳಾಪುರವನ್ನು ಹಳೆಯ ಪಾಳೆಯಗಾರರ ವಂಶದ ನಾರಾಯಣಗೌಡನಿಗೆ ಹಿಂದಿರುಗಿಸಿದನು. ಇಂದಿನ ರಾಜಕಾರಣಿಗಳಾದರೆ ಇದನ್ನು ಪುನರ್ನಿರ್ಮಾಣವೆಂದು ಕರೆದು ರಿಬ್ಬನ್ ಕತ್ತರಿಸಿಯಾರು. ಆ ವ್ಯವಸ್ಥೆ ಹೆಚ್ಚು ಕಾಲ ಬಾಳಲಿಲ್ಲ. ಟಿಪ್ಪುವು ಊರನ್ನು ಮರಳಿ ಹಿಡಿದನು. ಸಂಧಿಯಲ್ಲಿ ನಂದಿಯೂ ಚಿಕ್ಕಬಳ್ಳಾಪುರವೂ ಸುಲ್ತಾನನ ಪಾಲಿಗೇ ಉಳಿದವು. ಇಂಗ್ಲಿಷರ ಪಕ್ಷವನ್ನು ಹಿಡಿದಿದ್ದವರ ಗತಿಯೇನೆಂದು ಲಂಡನ್ನಿನಲ್ಲಿ ಗೆದ್ದ ಪಕ್ಷವೂ ಕೇಳಲಿಲ್ಲ, ಸೋತ ಪಕ್ಷವೂ ಕೇಳಲಿಲ್ಲ. ಅದು ಎರಡರ ವಾದಕ್ಕೂ ಒದಗುವ ಪ್ರಶ್ನೆಯಾಗಿರಲಿಲ್ಲ.

1799ರ ಯುದ್ಧದ ತರುವಾಯ ನಡೆದ ಪುನರ್ನಿರ್ಮಾಣ ಇದಕ್ಕಿಂತ ಗಟ್ಟಿಯಾದುದು. ದಿವಾನ್ ಪೂರ್ಣಯ್ಯನವರು ಕೆರೆಕಟ್ಟೆಗಳನ್ನು ದುರಸ್ತು ಮಾಡಿಸಿದರು, ಕಂದಾಯವನ್ನು ಕ್ರಮಕ್ಕೆ ತಂದರು, ವರ್ಷಕ್ಕೆ 7 ಲಕ್ಷ ವರಹಗಳ ಪೊಗದಿಯನ್ನು ಇಂಗ್ಲಿಷರಿಗೆ ತಪ್ಪದೆ ಸಲ್ಲಿಸಿದರು. 1800ರಲ್ಲಿ ಪ್ರವಾಸಿ ಫ್ರಾನ್ಸಿಸ್ ಬುಕಾನನನು ಈ ದಾರಿಯಲ್ಲಿಯೂ ಹಾದು, ಬೆಳೆ, ನೀರು, ಕಸುಬುಗಳ ವಿವರವನ್ನು ಬರೆದುಕೊಂಡನು. ಚಿಕ್ಕಬಳ್ಳಾಪುರದ ಸಕ್ಕರೆ ಕಲ್ಲುಸಕ್ಕರೆಗಳನ್ನೂ ಅವನು ಮರೆಯಲಿಲ್ಲ. 1811ರಲ್ಲಿ ಪೂರ್ಣಯ್ಯನವರು ಅಧಿಕಾರವನ್ನು ಬಿಟ್ಟಾಗ ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗೂ ಮಿಕ್ಕಿ ಇದ್ದಿತೆಂದು ಚರಿತ್ರಕಾರರು ಬರೆಯುತ್ತಾರೆ. ಆ ದಿನ ಲೆಕ್ಕ ಮುಚ್ಚಿದವರಿಗೆ ಅದು ಆದರ್ಶ ರಾಜ್ಯ. ಇಪ್ಪತ್ತು ವರ್ಷ ತಾಳಿ ಮುಚ್ಚಿದರೆ ನಗರ ಸೀಮೆಯ ರೈತರ ದಂಗೆ, 1831ರಲ್ಲಿ ರಾಜ್ಯಾಡಳಿತವು ಕಮಿಷನರುಗಳ ಕೈಸೇರಿದುದು ಕಾಣುತ್ತದೆ. ತುಂಬಿದ ಆ ಬೊಕ್ಕಸವು ರೈತನ ಸಮೃದ್ಧಿಯ ಗುರುತಾಗಿದ್ದಿತೆ, ಅಥವಾ ಅವನಿಂದ ಹಿಂಡಿದುದರ ಗುರುತೆ? ಅಂದಿನ ಆಡಳಿತಗಾರರಲ್ಲಿಯೇ ಈ ವಿಷಯದಲ್ಲಿ ಎರಡು ಮತಗಳಿದ್ದವು. ಆಡಳಿತವನ್ನು ಕಿತ್ತುಕೊಂಡ ಗವರ್ನರ್ ಜನರಲ್ ಬೆಂಟಿಂಕನೇ 1834ರಲ್ಲಿ ಮೈಸೂರನ್ನು ಸ್ವತಃ ನೋಡಿ, ಒಂದು ಭಾಗವನ್ನಾದರೂ ಅರಸರಿಗೆ ಹಿಂದಿರುಗಿಸಬಹುದೆಂದು ಸೂಚಿಸಿದನು, ವಿಲಾಯತಿಯವರು ಒಪ್ಪಲಿಲ್ಲ. ರಾಜ್ಯವು ಹಿಂದಿರುಗಿದುದು 1881ರಲ್ಲಿ.

ಲೆಕ್ಕ ಮುಚ್ಚುವ ಈ ಚಾಳಿ ಇಂದಿಗೂ ಹೋಗಿಲ್ಲ. 2003ರ ಮೇ 1ರಂದು ಅಮೆರಿಕದ ಅಧ್ಯಕ್ಷ ಬುಷ್ ಯುದ್ಧನೌಕೆಯೊಂದರ ಮೇಲೆ ನಿಂತು, ಕಾರ್ಯ ಮುಗಿಯಿತೆಂಬ ಬರಹದ ಕೆಳಗೆ ಇರಾಕಿನ ಲೆಕ್ಕವನ್ನು ಮುಚ್ಚಿದರು. ನಾಲ್ಕು ವರ್ಷಗಳ ಮೇಲೆಯೂ ಅವರ ಸೇನಾಧಿಪತಿಯು ಅಲ್ಲಿ ಪ್ರಗತಿಯಾಗುತ್ತಿದೆಯೆಂದು ಕಾಂಗ್ರೆಸ್ ಸಭೆಗೆ ವರದಿಯೊಪ್ಪಿಸುತ್ತಲೇ ಇದ್ದನು. ನಾವಾದರೂ ಬೇರೆಯಲ್ಲ. ಟಿಪ್ಪುವಿನ ಜಯಂತಿಯನ್ನು 2015ರಲ್ಲಿ ಒಂದು ಸರ್ಕಾರ ಆರಂಭಿಸಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ಎರಡು ಶತಮಾನ ಕಳೆದರೂ ಆ ಕಡತ ಮೇಜಿನ ಮೇಲೆಯೇ ಇದೆ.

ಈಗ ನಮ್ಮ ಜಿಲ್ಲೆಯಲ್ಲಿ ಬರದ ಮೇಲೆ ಸಾರಿದ ಯುದ್ಧವೊಂದು ನಡೆದಿದೆ. ಬೆಂಗಳೂರಿನ ಹೆಬ್ಬಾಳ, ನಾಗವಾರಗಳ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ತುಂಬುವ ಎಚ್.ಎನ್. ವ್ಯಾಲಿ ಯೋಜನೆಯನ್ನು ಕುರಿತು, ತುಂಬಿದ ಕೆರೆಯ ಫೋಟೊ ತೋರಿಸಿ ಗೆದ್ದೆವೆನ್ನುವವರು ಒಂದು ಕಡೆ. ಎರಡನೆಯ ಹಂತದ ಶುದ್ಧೀಕರಣ ಸಾಲದು, ಮೂರನೆಯದು ಬೇಕು, ಇದು ಜನರಿಗೆ ವಿಷವುಣಿಸುವ ಕೆಲಸವೆನ್ನುವವರು ಇನ್ನೊಂದು ಕಡೆ. ಪಕ್ಷ ಅಧಿಕಾರಕ್ಕೆ ಬಂದಾಗ ಹೊಗಳಿಕೆ, ಇಳಿದಾಗ ತೆಗಳಿಕೆ ಎಂಬ ಅದಲುಬದಲನ್ನೂ ಕಂಡಿದ್ದೇವೆ. ಮೂರನೆಯ ಹಂತವನ್ನು ಕೇಳುವವರ ಕೋರಿಕೆ ನ್ಯಾಯವಾದುದೆಂದೇ ನನ್ನ ಅಭಿಪ್ರಾಯ. ಆದರೆ ಅವರೂ ಸೇರಿ ಎರಡು ಕಡೆಯವರೂ ಮೊದಲೇ ಹೇಳಬೇಕಾದ ಮಾತೊಂದಿದೆ: ಯಾವ ಊರಿನ ಯಾವ ಕೊಳವೆಬಾವಿಯ ನೀರನ್ನು, ವರ್ಷದ ಯಾವ ತಿಂಗಳಲ್ಲಿ, ಯಾವ ಯಾವ ಅಂಶಗಳಿಗಾಗಿ, ಎಷ್ಟು ವರ್ಷಗಳವರೆಗೆ ಪರೀಕ್ಷಿಸಿದ ಮೇಲೆ, ಎಷ್ಟು ಕಂಡುಬಂದರೆ ತಾವು ಸೋತೆವೆಂದು ಒಪ್ಪಿಕೊಳ್ಳುವರು? ಹಿಪ್ಪುನೇರಳೆ ತೋಟದ ಸೊಪ್ಪು, ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವ ರೇಷ್ಮೆಗೂಡು, ಹಸುವಿನ ಹಾಲು ಇವೂ ಆ ಪಟ್ಟಿಗೆ ಸೇರಬೇಕು. ಮುಂದಿನ ಚುನಾವಣೆಯ ಭಾಷಣಗಳು ಆರಂಭವಾಗುವ ಮೊದಲೇ ಅಂಥದೊಂದು ಪಟ್ಟಿಯನ್ನು, ದಿನಾಂಕದ ಸಮೇತ, ಎರಡು ಪಕ್ಷಗಳ ಸಹಿಯೊಡನೆ ಜಿಲ್ಲಾ ಪಂಚಾಯತಿಯಲ್ಲಿ ಮಂಡಿಸಲಿ.