ಸಿಂಗಪುರಕ್ಕೆ ಹೊರಟಿದ್ದೀರಾ? ಇದನ್ನೂ ಕೇಳಿ...

ಸಿಂಗಪುರದಿಂದ ಆಫರ್ ಬಂತು ಅಂದ ಕೂಡಲೇ ನಮ್ಮ ಸಾಫ್ಟ್‌ವೇರ್ ಮಂದಿ ಮಾಡೋ ಮೊದಲ ಕೆಲಸ, ಡಾಲರನ್ನು ರೂಪಾಯಿಗೆ ಗುಣಿಸೋದು. ಆಸ್ಪತ್ರೆ ಖರ್ಚಿನ ಲೆಕ್ಕ ಯಾರೂ ಹಾಕಲ್ಲ!

ಇಲ್ಲಿ ಸರ್ಕಾರಿ ಆಸ್ಪತ್ರೆಗಳ ಸಬ್ಸಿಡಿ ನಾಗರಿಕರಿಗೆ, ಸ್ವಲ್ಪ ಕಡಿಮೆಯಾಗಿ ಪಿಆರ್ ಇರುವವರಿಗೆ. 2015ರಲ್ಲಿ ಬಂದ ಮೆಡಿಶೀಲ್ಡ್ ಲೈಫ್ ವಿಮೆಯೂ ಅವರಿಗೇ. ನಮ್ಮಂಥ ಪರದೇಶಿಗಳು ಪೂರ್ತಿ ಬಿಲ್ ಕಟ್ಟಬೇಕು.

ತಮಾಷೆ ಕೇಳಿ. ವರ್ಕ್ ಪರ್ಮಿಟ್ ಮೇಲೆ ಬಂದ ಕಟ್ಟಡ ಕಾರ್ಮಿಕನಿಗೆ ಮಾಲೀಕ ವಿಮೆ ಮಾಡಿಸಲೇಬೇಕು, ಕಾನೂನಿದೆ. ಅದರ ಕನಿಷ್ಠ ಮೊತ್ತವನ್ನು 2023ರ ಜುಲೈನಲ್ಲಿ ವರ್ಷಕ್ಕೆ 15,000ದಿಂದ 60,000 ಸಿಂಗಪುರ ಡಾಲರ್‌ಗೆ ಏರಿಸಿದರು. ಒಳ್ಳೆಯದೇ ಆಯ್ತು. ಆದರೆ ಎಂಪ್ಲಾಯ್‌ಮೆಂಟ್ ಪಾಸಿನ ಇಂಜಿನಿಯರಿಗೆ ಅಂಥ ಕಡ್ಡಾಯವೇ ಇಲ್ಲ! ಸಂಬಳ ಚೆನ್ನಾಗಿದೆಯಲ್ಲ, ನೀನೇ ನೋಡ್ಕೋ ಅನ್ನೋ ಧಾಟಿ.

ಎಷ್ಟೋ ಕಂಪನಿಗಳು ತಾವಾಗಿಯೇ ಗ್ರೂಪ್ ವಿಮೆ ಕೊಡುತ್ತವೆ, ನಿಜ. ಆದರೆ ಕೆಲಸ ಹೋದರೆ ಬೆನ್ನಿಗೇ ಪಾಸೂ ಹೋಗುತ್ತೆ, ವಿಮೆಯೂ ಹೋಗುತ್ತೆ. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಅಂಟಿಕೊಂಡಿದ್ದರೆ?

ನನ್ನ ಪ್ರಕಾರ ಈ ಕಡ್ಡಾಯ ಎಲ್ಲ ಪಾಸಿಗೂ ಬರಬೇಕು. ಅಲ್ಲಿಯವರೆಗೆ, ಸಹಿ ಹಾಕೋ ಮುಂಚೆ ಕೇಳಿ: ಮಿತಿ ಎಷ್ಟು? ಹೆಂಡತಿ ಮಕ್ಕಳಿಗೂ ಇದೆಯಾ? ಹೆರಿಗೆ ಸೇರಿದೆಯಾ? ಊರಲ್ಲಿರೋ ಸ್ವಂತ ಪಾಲಿಸಿಯನ್ನಂತೂ ನಿಲ್ಲಿಸಬೇಡಿ. ವಾಪಸ್ ಹೋಗಿ ಹೊಸದು ಮಾಡಿಸಿದರೆ ಹಳೇ ಕಾಯಿಲೆಗೆ ಕಾಯೋ ಅವಧಿ ಮತ್ತೆ ಮೊದಲಿಂದ ಶುರು.

ಸಂಬಳಕ್ಕೆ ಅಷ್ಟೊಂದು ಚೌಕಾಶಿ ಮಾಡೋ ನಾವು ಇದನ್ನು ಕೇಳೋಕೆ ಯಾಕೆ ಸಂಕೋಚ ಪಡ್ತೀವಿ? ಏನಂತೀರಾ? :)