ಶಾಸಕನ ಅಳತೆ

ನಮ್ಮ ಹೊಳಲ್ಕೆರೆ ಸೀಮೆಯ ತಾಳ್ಯದಂಥ ಹಳ್ಳಿಗಳಲ್ಲಿ ತರುಣನೊಬ್ಬನು ಚುನಾವಣೆಗೆ ನಿಂತರೆ ಹಿರಿಯರು ಕೇಳುವ ಮೊದಲ ಪ್ರಶ್ನೆ, 'ಇವನ ಬೆನ್ನ ಹಿಂದೆ ಯಾರಿದ್ದಾರೆ?' ಎಂಬುದು. ಶಾಂತವೇರಿ ಗೋಪಾಲಗೌಡರ ಬೆನ್ನ ಹಿಂದೆ ಇದ್ದವರು ಗೇಣಿದಾರರು.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ, ಗೇಣಿಯ ಭತ್ತವನ್ನಳೆಯುವ ಕೊಳಗದ ಗಾತ್ರದಿಂದ ಎದ್ದ ವ್ಯಾಜ್ಯವು ಸತ್ಯಾಗ್ರಹವಾಗಿ ಬೆಳೆಯಿತು. ರಾಮಮನೋಹರ ಲೋಹಿಯಾ ಅವರೇ ಬಂದು ಸೆರೆಯಾದರು. ಆ ಹೋರಾಟದ ಮುಂದಾಳುಗಳಲ್ಲೊಬ್ಬರಾದ ಗೋಪಾಲಗೌಡರನ್ನು, ಮೂವತ್ತು ತುಂಬುವ ಮೊದಲೇ, 1952ರಲ್ಲಿ ಜನರು ಶಾಸನಸಭೆಗೆ ಕಳುಹಿಸಿದರು.

ಅಲ್ಲಿಯೂ ಅವರು ಮೆತ್ತಗಾಗಲಿಲ್ಲ. ಏಕೀಕರಣವಾದರೆ ಹಳೆಯ ಮೈಸೂರಿನ ಪ್ರಾಬಲ್ಯ ಕುಗ್ಗುವುದೆಂದು ಹಲವರು ಅಂಜುತ್ತಿದ್ದಾಗ ಅವರು ಅಖಂಡ ಕರ್ನಾಟಕದ ಪರವಾಗಿ ವಾದಿಸಿದರು. ಅವರ ಸಿಟ್ಟು ಸದನದ ಕಟ್ಟಳೆಯನ್ನು ಮೀರಿದ್ದೂ ಉಂಟು, ಅದನ್ನು ಮುಚ್ಚಿಡಬೇಕಾಗಿಲ್ಲ. ಆ ಸಿಟ್ಟು ಯಾರಿಗಾಗಿ ಎಂಬುದನ್ನು ಮಾತ್ರ ಮರೆಯಬಾರದು. 1957ರಲ್ಲಿ ಸೋತರು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಮಂತ್ರಿಪದವಿ ಅವರ ಪಾಲಿಗೆ ಬರಲಿಲ್ಲ.

1972ರ ಜೂನ್ 9ರಂದು, ಐವತ್ತು ತುಂಬುವ ಮುನ್ನವೇ, ಅವರು ತೀರಿಕೊಂಡರು. ಮರುವರ್ಷ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. 1974ರಲ್ಲಿ, ಉಳುವವನಿಗೆ ಭೂಮಿ ಕೊಡುವ ಭೂಸುಧಾರಣಾ ತಿದ್ದುಪಡಿ ಜಾರಿಯಾಯಿತು. ಎರಡೂ ಅವರು ದನಿಯೆತ್ತಿ ಕೇಳಿದ್ದವು. ಎರಡನ್ನೂ ಅವರು ಕಣ್ಣಾರೆ ಕಾಣಲಿಲ್ಲ.

ಶಾಸಕನು ಎಷ್ಟು ಬಾರಿ ಗದ್ದಲವೆಬ್ಬಿಸಿದನೆಂದು ಎಣಿಸುವುದು ಸುಲಭ. ಆ ಗದ್ದಲದಿಂದ ಯಾರ ಕಣಜಕ್ಕೆ ಭತ್ತ ಬಂದಿತೆಂದು ಅಳೆದು ನೋಡುವ ಕೊಳಗ ಮತದಾರನ ಕೈಯಲ್ಲಿದೆ.