ಕಾಲುದಾರಿಯ ಹಣ ಕರಗುವ ಮುನ್ನ

ಮೈಸೂರು, ಹುಬ್ಬಳ್ಳಿ, ತುಮಕೂರಿನಂಥ ನಮ್ಮ ಬೆಳೆಯುವ ನಗರಗಳಲ್ಲಿ ಕೆಲವು ಬದಲಾವಣೆಗಳು ಸದ್ದಿಲ್ಲದೆ ನಡೆಯುತ್ತಿವೆ. ಎಡಕ್ಕೆ ತಿರುಗುವ ವಾಹನಗಳಿಗೆ ಜಾಗ ಸಾಲದೆಂದು ವೃತ್ತದ ಮೂಲೆಯಲ್ಲಿ ಫುಟ್‌ಪಾತನ್ನು ಎರಡಡಿ ಕತ್ತರಿಸುತ್ತಾರೆ. ಉಳಿದ ಜಾಗದಲ್ಲಿ ಟ್ರಾನ್ಸ್‌ಫಾರ್ಮರ್ ಬಂದು ಕೂರುತ್ತದೆ. ಡಾಂಬರಿನಡಿ ಮುಚ್ಚಿಹೋದ ಜೀಬ್ರಾ ಪಟ್ಟಿಯನ್ನು ಮತ್ತೆ ಬಳಿಯಬೇಕೆಂದು ಯಾರಿಗೂ ಅನಿಸುವುದಿಲ್ಲ. ಸೈಕಲ್ ರಿಪೇರಿ ಮಾಡುತ್ತಿದ್ದವನು ಸ್ಕೂಟರಿನ ಪಂಕ್ಚರ್‌ಗೆ ಹೊರಳುತ್ತಾನೆ. ಶಾಲೆಯ ಸೈಕಲ್ ಸ್ಟ್ಯಾಂಡಿನಲ್ಲಿ ಕಾರು ನಿಲ್ಲುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಇವು ಯಾವುವೂ ದೂರು ಕೊಡುವಷ್ಟು ದೊಡ್ಡವಲ್ಲ. ಆದರೆ ಬೆಂಗಳೂರು ಬದಲಾದದ್ದನ್ನು ಕಣ್ಣಾರೆ ಕಂಡವರಿಗೆ ಇವನ್ನು ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಅಲ್ಲಿ ಶುರುವಾದದ್ದೂ ಹೀಗೆಯೇ.

ಬೆಂಗಳೂರಿನಲ್ಲಿ ನಡೆಯಬಾರದೆಂದು ಯಾರೂ ಆದೇಶ ಹೊರಡಿಸಲಿಲ್ಲ. ರಸ್ತೆ ಅಗಲಿಸುವಾಗ ಸಾಲುಮರ ಹೋಯಿತು, ಅದರ ನೆರಳಿನ ಕಲ್ಲುಹಾಸು ಹೋಯಿತು, ಕೊನೆಗೆ ನಡೆಯುವವರೂ ಕಡಿಮೆಯಾದರು. ತಪ್ಪು ಅರಿವಾದ ಮೇಲೆ ಹಣ ಬಂತು, ಅದೂ ಪ್ರಯೋಗದ ಹೆಸರಿನಲ್ಲಿ. 2012-13ರ ಹೊತ್ತಿಗೆ ಜಯನಗರದಲ್ಲಿ ಸೈಕಲ್ ಪಥ ಮಾಡಿದರು. ಅದು ಕಾರು ನಿಲ್ಲಿಸುವ ಜಾಗವಾಯಿತು. 2020ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಗೂಟ ನೆಟ್ಟು ಪಥ ಬಿಡಿಸಿದರು. ವಾಹನ ಬಡಿದು ಗೂಟಗಳು ಮುರಿದವು, ಮೆಟ್ರೊ ಕಾಮಗಾರಿ ಬಂದಾಗ ಪಥವೇ ಇಲ್ಲವಾಯಿತು. ಕಟ್ಟುವಾಗ ಇದ್ದ ಉತ್ಸಾಹ ಕಾಯುವಾಗ ಇರಲಿಲ್ಲ. ಅಗಲವಾದ ಫುಟ್‌ಪಾತ್ ಇಟ್ಟು ಕಟ್ಟಿದ ‘ಟೆಂಡರ್ ಶ್ಯೂರ್’ ರಸ್ತೆಗಳಲ್ಲಿ ಜನ ನೆಮ್ಮದಿಯಿಂದ ನಡೆಯುತ್ತಾರೆ, ನಿಜ. ಆದರೆ ಅಂಥ ರಸ್ತೆಗಳು ಎಷ್ಟಿವೆ? 2025ರಲ್ಲಿ ಅದೇ ನಗರ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ 17 ಸಾವಿರ ಕೋಟಿ ರೂಪಾಯಿಗೂ ಹೆಚ್ಚಿನ ಸುರಂಗ ರಸ್ತೆಯ ಲೆಕ್ಕ ಹಾಕಿತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವುದೆಂದರೆ ಇದೇ.

ರೋಗದ ಬೇರು ಬಜೆಟ್ಟಿನಲ್ಲಿದೆ. ನಗರ ಯೋಜನೆ ವಾಹನಗಳಿಗಲ್ಲ, ಜನರ ಓಡಾಟಕ್ಕೆ ಎಂದು ರಾಷ್ಟ್ರೀಯ ನಗರ ಸಾರಿಗೆ ನೀತಿ 2006ರಲ್ಲೇ ಹೇಳಿತು. ಆದರೂ ನಮ್ಮಲ್ಲಿ ಫುಟ್‌ಪಾತ್ ಎಂಬುದು ರಸ್ತೆ ಕಾಮಗಾರಿಯ ಅಂದಾಜುಪಟ್ಟಿಯ ಕೊನೆಯ ಸಾಲು. ಹಣ ಸಾಲದಾದಾಗ ಮೊದಲು ಅಳಿಸುವ ಸಾಲೂ ಅದೇ. ಮೈಸೂರಿನ ‘ಟ್ರಿಣ್ ಟ್ರಿಣ್’ ಸೈಕಲ್ ಸೇವೆ 2017ರಲ್ಲಿ ಜಾಗತಿಕ ಪರಿಸರ ನಿಧಿಯ ನೆರವಿನಿಂದ ಹುಟ್ಟಿ ಇಡೀ ದೇಶದ ಗಮನ ಸೆಳೆಯಿತು. ಹೊರಗಿನ ನೆರವಿಗೊಂದು ಕೊನೆ ಇದ್ದೇ ಇರುತ್ತದೆ. ಆಮೇಲೆ ಅಂಥ ಸೇವೆಯನ್ನು ಸಾಕಬೇಕಾದದ್ದು ಊರಿನ ಬಜೆಟ್. ಚೆನ್ನೈ ಪಾಲಿಕೆ 2014ರ ತನ್ನ ನೀತಿಯಲ್ಲಿ ಸಾರಿಗೆ ಹಣದ ಶೇ 60ರಷ್ಟನ್ನು ನಡಿಗೆ, ಸೈಕಲ್‌ಗಳಿಗೆ ಮೀಸಲಿಡಬೇಕೆಂದು ಬರೆದುಕೊಂಡಿತು. ನಮ್ಮ ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯ ಇದೇ ಉದ್ದೇಶಕ್ಕೆ ಸಿದ್ಧಪಡಿಸಿದ ಮಸೂದೆ ಕರಡಾಗಿಯೇ ವರ್ಷಗಳನ್ನು ಕಳೆಯಿತು. ಅದಕ್ಕಾಗಿ ದನಿ ಎತ್ತಿದವರು ಕೆಲವೇ ಮಂದಿ.

ಹೆದ್ದಾರಿಗಳ ಕಥೆಯೂ ಬೇರೆಯಲ್ಲ. ಬೆಂಗಳೂರು–ಮೈಸೂರು ಹೆದ್ದಾರಿ 2023ರಲ್ಲಿ ಉದ್ಘಾಟನೆಯಾಯಿತು. ಆಚೆ ಬದಿಯ ಹೊಲಕ್ಕೆ, ಶಾಲೆಗೆ ಹೋಗುವವರು ಎಲ್ಲಿ ದಾಟಬೇಕೆಂಬ ಪ್ರಶ್ನೆಗೆ ಪಾದಚಾರಿ ಮೇಲ್ಸೇತುವೆಗಳ ಉತ್ತರ ಬಂದದ್ದು ರಸ್ತೆ ಮುಗಿದ ಮೇಲೆ, ಜನ ಸತ್ತ ಮೇಲೆ.

ಇನ್ನೊಂದು ಸೂಚನೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಗಿತ್ತು. ದೂರದ ಪ್ರೌಢಶಾಲೆಗೆ ಹಳ್ಳಿಯ ಹುಡುಗಿಯರನ್ನು ತಲುಪಿಸಿದ್ದು ಆ ಸೈಕಲ್. ಕೊರೊನಾ ಕಾಲದಲ್ಲಿ ಅದು ನಿಂತಿತು. ಮೇಲ್ಸೇತುವೆಯೊಂದು ನಿಂತಿದ್ದರೆ ಎಷ್ಟು ಗದ್ದಲವಾಗುತ್ತಿತ್ತು!

‘ನಮ್ಮೂರು ಬೆಂಗಳೂರಲ್ಲ, ಇನ್ನೂ ಸಮಯವಿದೆ’ ಎನ್ನುವವರಿದ್ದಾರೆ. ಈ ಮಾತೆಂದರೇ ನನಗೆ ಭಯ. ಬೆಂಗಳೂರಿನವರೂ ಒಂದು ಕಾಲದಲ್ಲಿ ತಮ್ಮೂರು ಮದ್ರಾಸಲ್ಲ, ಬೊಂಬಾಯಿಯಲ್ಲ ಎನ್ನುತ್ತಿದ್ದರು. ಸಮಯ ದೂಡುವುದಕ್ಕೂ ಬೆಲೆಯಿದೆ: 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ ಪಾದಚಾರಿಗಳು 32,825. ಒಮ್ಮೆ ಕಳೆದುಕೊಂಡ ಫುಟ್‌ಪಾತನ್ನು ಮರಳಿ ಪಡೆಯಲು ಅಂಗಡಿ ಮುಂಗಟ್ಟು, ಪಾರ್ಕಿಂಗ್, ಮೊಕದ್ದಮೆ ಎಲ್ಲವನ್ನೂ ಎದುರಿಸಬೇಕು.

ನಡೆದಾಡಲು ಸುರಕ್ಷಿತ ಫುಟ್‌ಪಾತ್ ಬದುಕುವ ಹಕ್ಕಿನ ಭಾಗವೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಕ್ಕಿಗೆ ಹಣದ ಬಲ ಬೇಕು.

ಬಜೆಟ್ಟಿಗೆ ಮುನ್ನ ಪಾಲಿಕೆಗಳು ಸಾರ್ವಜನಿಕರ ಸಲಹೆ ಕೇಳುತ್ತವೆ. ಈ ಸಲ ಆ ಸಭೆಗೆ ಹೋಗಿ. ನಡಿಗೆಗೆ, ಸೈಕಲ್‌ಗೆ ಪ್ರತ್ಯೇಕ ಲೆಕ್ಕಶೀರ್ಷಿಕೆ ಇದೆಯೇ, ಅದರಲ್ಲಿ ನಿರ್ವಹಣೆಗೆ ಎಷ್ಟಿಟ್ಟಿದ್ದಾರೆ, ಕಳೆದ ವರ್ಷ ಎಷ್ಟು ಖರ್ಚಾಯಿತು ಎಂದು ಕೇಳಿ. ಉತ್ತರವನ್ನು ಲಿಖಿತವಾಗಿ ಪಡೆಯಿರಿ.